ಅರವತ್ತಕ್ಕೆ ಅರಳುಮರಳಾ? ಮರೆವನ್ನು ಅಳೆಯುವ ಅಳತೆಗೋಲು ಯಾರದ್ದು?

‘ಅರವತ್ತಕ್ಕೆ ಅರಳುಮರಳು’ ಅನ್ನೋ ಗಾದೆ ನಮ್ಮ ಮನೆಗಳಲ್ಲಿ ಎಷ್ಟು ಕಾಯಿಲೆಗಳನ್ನು ಮುಚ್ಚಿಟ್ಟಿದೆಯೋ ಲೆಕ್ಕವಿಲ್ಲ. ಅಜ್ಜಿ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ, ದಿನಾ ಓಡಾಡುವ ಬಾಣಸವಾಡಿ ರಸ್ತೆಯಲ್ಲೇ ಅಪ್ಪ ದಾರಿ ತಪ್ಪಿದರೂ ‘ವಯಸ್ಸಾಯ್ತಲ್ಲ’ ಅಂತ ಸುಮ್ಮನಾಗುತ್ತೇವೆ. ಲಾಸಿ-ಡ್ಯಾಡ್ ಎಂಬ ರಾಷ್ಟ್ರೀಯ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ, ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ನೂರಕ್ಕೆ 92 ಜನರಿಗೆ ಇಲ್ಲ. ಹಾಗಾಗಿ ಇದು ವಯಸ್ಸಿನ ಗುಣವಲ್ಲ, ಕಾಯಿಲೆ.

ಮಾಮೂಲಿ ಮರೆವು ಯಾವುದು, ಕಾಯಿಲೆ ಯಾವುದು ಎಂದು ಬಿಡಿಸಿ ನೋಡಲು ನೆರವಾಗುವುದೇ ನ್ಯೂರೋಸೈಕಲಾಜಿಕಲ್ ಮೌಲ್ಯಮಾಪನ.

ಅಲ್ಲಿ ಏನು ಮಾಡ್ತಾರೆ?

ಸೂಜಿಯಿಲ್ಲ, ಸ್ಕ್ಯಾನ್ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎದುರು ಕೂತು ಕೆಲವು ಕೆಲಸ ಮಾಡಬೇಕು, ಅಷ್ಟೇ. ಕೇಳಿಸಿಕೊಂಡ ಪದಗಳನ್ನು ಅರ್ಧ ಗಂಟೆ ಬಿಟ್ಟು ನೆನಪಿಸಿಕೊಂಡು ಹೇಳುವುದು, ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳುವುದು, ಚಿತ್ರ ನೋಡಿ ಹಾಗೇ ಬಿಡಿಸುವುದು. ಕೆಲವು ಗಂಟೆ ಹಿಡಿಯುತ್ತೆ. ದುಡ್ಡಿನ ಲೆಕ್ಕ, ಅಡುಗೆ, ಮಾತ್ರೆ ಇವನ್ನೆಲ್ಲ ಅವರೇ ನೋಡಿಕೊಳ್ಳುತ್ತಾರಾ ಅಂತ ಮನೆಯವರನ್ನೂ ಕೇಳುತ್ತಾರೆ.

ಇದು ಪಾಸು-ಫೇಲಿನ ಪರೀಕ್ಷೆಯಲ್ಲ. ಎಷ್ಟು ತಪ್ಪಿತು ಅನ್ನೋದಕ್ಕಿಂತ ಹೇಗೆ ತಪ್ಪಿತು ಅನ್ನೋದು ಮುಖ್ಯ. ಸುಳಿವು ಕೊಟ್ಟರೂ ಪದ ನೆನಪಾಗದಿದ್ದರೆ ಆಲ್ಜೈಮರ್ ಕಡೆಗೆ ಅನುಮಾನ ಹೋಗುತ್ತೆ. ಸುಳಿವು ಸಿಕ್ಕ ಕೂಡಲೇ ನೆನಪಾದರೆ ಖಿನ್ನತೆಯಂಥ ಬೇರೆ ಕಾರಣವೂ ಇರಬಹುದು. ಜೊತೆಗೆ ರಕ್ತಪರೀಕ್ಷೆಯಲ್ಲಿ ಬಿ12, ಥೈರಾಯ್ಡ್ ನೋಡುತ್ತಾರೆ. ಈ ತೊಂದರೆಗಳಿಗೆಲ್ಲ ಚಿಕಿತ್ಸೆ ಇದೆ. ‘ವಯಸ್ಸಾಯ್ತಲ್ಲ’ ಅಂದುಬಿಟ್ಟರೆ ಕೈತಪ್ಪುವುದು ಇದೇ ಅವಕಾಶ.

ಅಳತೆಗೋಲಿನ ರಾಜಕೀಯ

ಇಂಜಿನಿಯರಿಂಗ್ ಓದಿ ಬಂದ ನನಗೆ ಯಾವ ಅಳತೆ ಕಂಡರೂ ಮೊದಲು ಹೊಳೆಯುವ ಪ್ರಶ್ನೆ: ಕ್ಯಾಲಿಬ್ರೇಶನ್ ಮಾಡಿದ್ದು ಯಾರ ಮೇಲೆ? ಜಗತ್ತಿನೆಲ್ಲೆಡೆ ಬಳಸುವ 30 ಅಂಕಗಳ ಎಂಎಂಎಸ್‌ಇ 1975ರಲ್ಲಿ ಅಮೆರಿಕದಿಂದ ಬಂದದ್ದು. ಒಂದು ವಾಕ್ಯ ಬರೆಯಿರಿ, 100ರಿಂದ ಏಳೇಳು ಕಳೆಯುತ್ತಾ ಹೋಗಿ ಅನ್ನುತ್ತೆ. ಶಾಲೆಯ ಮುಖ ನೋಡದ ಲಿಂಗರಾಜಪುರದ ಅಜ್ಜಿ ಇಲ್ಲಿ ಅಂಕ ಕಳೆದುಕೊಂಡರೆ ಅದು ಅವರ ಮೆದುಳಿನ ದೋಷವಲ್ಲ, ಅವರನ್ನು ಶಾಲೆಗೆ ಕಳಿಸದ ಸಮಾಜದ್ದು. ಹಾಗೇ, ಚೆನ್ನಾಗಿ ಓದಿಕೊಂಡವರು ಕಾಯಿಲೆ ಶುರುವಾದ ಮೇಲೂ ಒಳ್ಳೆ ಅಂಕ ತೆಗೆದು ಕಣ್ತಪ್ಪಿಸಿಬಿಡಬಹುದು.

ಇದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮಲ್ಲೇ ಆಗಿದೆ. ನಿಮ್ಹಾನ್ಸ್ 2004ರಲ್ಲಿ ತಂದ ಪರೀಕ್ಷಾ ಗುಚ್ಛ ಅನಕ್ಷರಸ್ಥರಿಗೆ, ಶಾಲೆ ಓದಿದವರಿಗೆ, ಕಾಲೇಜು ಓದಿದವರಿಗೆ ಬೇರೆಬೇರೆ ಮಾನದಂಡ ಕೊಟ್ಟಿತು. ಐಸಿಎಂಆರ್‌ನ ಟೂಲ್‌ಬಾಕ್ಸ್ ಮೊದಲು ರೂಪುಗೊಂಡ ಐದು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಒಂದು. ಆ ಐದರಲ್ಲಿ ತಮಿಳು, ಉರ್ದು ಇರಲಿಲ್ಲ. ಎಸಿಇ-3 ಎಂಬ ಇನ್ನೊಂದು ಪರೀಕ್ಷೆ ಈ ಎರಡರಲ್ಲೂ ಇದೆ.

ಸರ್ವಜ್ಞನಗರಕ್ಕೆ ಇದು ಸಣ್ಣ ವಿಷಯವಲ್ಲ. ಕಮ್ಮನಹಳ್ಳಿ, ಲಿಂಗರಾಜಪುರ, ಕಾಡುಗೊಂಡನಹಳ್ಳಿಗಳಲ್ಲಿ ಮನೆಯೊಳಗೆ ತಮಿಳು ಅಥವಾ ದಖನಿ, ಅಂಗಡಿಯಲ್ಲಿ ಕನ್ನಡ ಆಡುವ ಹಿರಿಯರು ಎಷ್ಟೋ ಜನ. ದಖನಿ ಆಡುವವರಿಗೆ ಪುಸ್ತಕದ ಉರ್ದುವೂ ದೂರವೇ. ಈ ಬಹುಭಾಷೆಯೇ ಒಂದು ಆಸ್ತಿ ಕೂಡ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತವರ ತಂಡ ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು.

ಹೋಗುವಾಗ, ಕೇಳುವಾಗ

ಪರೀಕ್ಷೆಗೆ ಹೋಗುವಾಗ ಕನ್ನಡಕ, ಶ್ರವಣ ಸಾಧನ, ನುಂಗುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಮನೆಮಾತು ಯಾವುದು, ಎಷ್ಟನೇ ಕ್ಲಾಸಿನವರೆಗೆ ಓದಿದ್ದಾರೆ ಅಂತ ಮೊದಲೇ ಹೇಳಿ. ‘ಯಾವ ಭಾಷೆಯಲ್ಲಿ, ಯಾರ ಮಾನದಂಡಕ್ಕೆ ಹೋಲಿಸ್ತೀರಿ?’ ಅಂತ ಕೇಳಲು ಸಂಕೋಚ ಬೇಡ.

ಇನ್ನು ದೊಡ್ಡ ಪ್ರಶ್ನೆ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದಾಗ ಮೊದಲು ಆರಿಸಿಕೊಂಡದ್ದು ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರಗಳನ್ನು. ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಕೂಲಿ ಮಾಡುವ ಮಗ ಅಮ್ಮನನ್ನು ಕಾಡುಗೊಂಡನಹಳ್ಳಿಯಿಂದ ಅಲ್ಲಿಗೆ ಕರೆದೊಯ್ದರೆ ಆ ದಿನದ ದುಡಿಮೆ ಹೋಯ್ತು. ಮೊದಲ ತಪಾಸಣೆ ಬಡಾವಣೆಯ ನಮ್ಮ ಕ್ಲಿನಿಕ್‌ನಲ್ಲಿ, ಪೂರ್ತಿ ಪರೀಕ್ಷೆ ಬೌರಿಂಗ್ ಅಥವಾ ಸಿ.ವಿ. ರಾಮನ್ ಆಸ್ಪತ್ರೆಯಲ್ಲಿ, ಅವರವರ ಮನೆಮಾತಲ್ಲೇ ಆಗಬೇಕು. ಮುಂದಿನ ಸಲ ವೋಟು ಕೇಳಲು ಬಂದವರಿಗೆ ರಸ್ತೆ, ಮೋರಿ ಜೊತೆ ಇದನ್ನೂ ಕೇಳೋಣ: ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಎಷ್ಟಿದ್ದಾರೆ, ಅವರಿಗೆ ಯಾವ್ಯಾವ ಭಾಷೆ ಬರುತ್ತೆ?