ನಕಲಿನಲ್ಲಿ ಎಡವುವ ಹನ್ನೊಂದನೇ ಕ್ರೋಮೋಸೋಮ್

ಮಹಾರಾಷ್ಟ್ರ ಗುಟ್ಕಾ ನಿಷೇಧಿಸಿದ್ದು 2012ರಲ್ಲಿ. ಆದರೂ ಮುಂಬೈನ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಬಾಯಿ ಕ್ಯಾನ್ಸರ್ ಹೊತ್ತು ಬರುವವರು ನಿಂತಿಲ್ಲ. ತಂಬಾಕು, ಅಡಿಕೆ ಕಾರಣವೆಂದು ಎಲ್ಲರಿಗೂ ಗೊತ್ತು. ಅವು ಕೆನ್ನೆಯೊಳಗೆ ಮಾಡುವ ಕೆಲಸ ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಕೆನ್ನೆಯ ಒಳಪದರ ಸದಾ ಸವೆಯುತ್ತದೆ, ಅಡಿಯ ಕೋಶಗಳು ಇಬ್ಭಾಗವಾಗಿ ಜಾಗ ತುಂಬುತ್ತವೆ. ಪ್ರತಿ ಸಲವೂ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎ ಕೆಲವೇ ಗಂಟೆಗಳಲ್ಲಿ ನಕಲಾಗಬೇಕು. ತಂಬಾಕಿನ ನೈಟ್ರೋಸಮೈನ್‌ಗಳು ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಅಡಿಕೆಗೆ ಸುಣ್ಣ ಸೇರಿದಾಗ ಹುಟ್ಟುವ ಉಗ್ರ ಆಮ್ಲಜನಕ ಅದನ್ನು ಕೆಡಿಸುತ್ತದೆ. ನಕಲು ಮಾಡುತ್ತ ಬರುವ ಕಿಣ್ವಗಳು ಅಂಥಲ್ಲಿ ತಡೆದು ನಿಲ್ಲುತ್ತವೆ. ಬಿಚ್ಚಿಟ್ಟ ಎಳೆ ತುಂಡಾಗುವುದು ಆಗಲೇ. ನಕಲಿಗೆ ಮೊದಲೇ ದುರಸ್ತಿಯಾದರೆ ಅಪಾಯ ತೀರಾ ಕಡಿಮೆ. ಆದರೆ ದಿನವಿಡೀ ಜಗಿಯುವವರ ಬಾಯಿಗೆ ಆ ಬಿಡುವೆಲ್ಲಿ?

ಹೀಗೆ ಡಿಎನ್‌ಎ ತುಂಡಾಗಿ ತುದಿ ಕಳೆದುಕೊಂಡ ಕ್ರೋಮೋಸೋಮು ನಕಲಾದರೆ ಎರಡೂ ಪ್ರತಿಗಳ ತುದಿ ಹಸಿಯಾಗಿರುತ್ತದೆ. ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೋಶ ಇಬ್ಭಾಗವಾಗುವಾಗ ಎರಡೂ ಕಡೆಯಿಂದ ಎಳೆತ ಬಿದ್ದು ಬೇರೆಲ್ಲೋ ಹರಿಯುತ್ತದೆ. ಒಂದು ಮರಿಕೋಶಕ್ಕೆ ಕೆಲವು ಜೀನ್‌ಗಳು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಹರಿದ ತುದಿ ಮತ್ತೆ ಹಸಿ, ಮತ್ತೆ ನಕಲು, ಮತ್ತೆ ಬೆಸುಗೆ. ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಇದನ್ನು ಕಂಡದ್ದು 1930ರ ದಶಕದ ಕೊನೆಗೆ.

ಬಾಯಿ ಕ್ಯಾನ್ಸರಿನಲ್ಲಿ ಹನ್ನೊಂದನೇ ಕ್ರೋಮೋಸೋಮಿನ ಉದ್ದ ತೋಳಿನ ಒಂದು ಭಾಗ ಹೀಗೆಯೇ ಹಲವು ಪ್ರತಿಗಳಾಗುವುದುಂಟು. ಅಲ್ಲಿರುವ ಒಂದು ಜೀನ್ ಸೈಕ್ಲಿನ್ ಡಿ1. ಕೋಶವನ್ನು ಡಿಎನ್‌ಎ ನಕಲಿಗೆ ದೂಡುವುದೇ ಅದರ ಕೆಲಸ. ನಕಲಿನ ತಪ್ಪಿನಿಂದ ಹೆಚ್ಚಾದ ಜೀನೇ ಇನ್ನಷ್ಟು ನಕಲಿಗೆ ಅವಸರ ಮಾಡುತ್ತದೆ, ಅವಸರದ ನಕಲು ಮತ್ತೆ ಎಡವುತ್ತದೆ. ಈ ಕಾಯಿಲೆಯಲ್ಲಿ ನನ್ನನ್ನು ಅತಿಯಾಗಿ ಬೆಚ್ಚಿಸುವುದು ಈ ಸುಳಿ.

ನವಿಮುಂಬೈನ ಖಾರ್‌ಘರ್‌ನಲ್ಲಿರುವ ಟಾಟಾ ಕೇಂದ್ರದ ಸಂಶೋಧಕರು ಬಂಗಾಳದ ಕಲ್ಯಾಣಿಯ ತಂಡದ ಜೊತೆ ಭಾರತೀಯ ರೋಗಿಗಳ ವಸಡು ಮತ್ತು ಕೆನ್ನೆಯ ಕ್ಯಾನ್ಸರಿನ ಡಿಎನ್‌ಎ ಓದಿ 2013ರಲ್ಲಿ ಪ್ರಕಟಿಸಿದರು. ಅದೇ ತೋಳಿನ ಯಾಪ್1 ಎಂಬ ಇನ್ನೊಂದು ಜೀನ್ ಹೆಚ್ಚಾಗಿರುವುದು ಅವರಿಗೆ ಕಂಡಿತು.

ಮಲೆನಾಡು, ಕರಾವಳಿಯವರಿಗೆ ಕೇಳಲು ಕಷ್ಟವಾದರೂ ಹೇಳಲೇಬೇಕು: ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕವೆಂದಿದೆ. ಕೆನ್ನೆಯೊಳಗಿನ ಬಿಳಿ ಮಚ್ಚೆಗಳಲ್ಲಿಯೂ, ಕ್ಯಾನ್ಸರ್ ಆಗುವ ಮೊದಲೇ, ಕೆಲವೊಮ್ಮೆ ಹನ್ನೊಂದನೇ ಕ್ರೋಮೋಸೋಮಿನ ಆ ಭಾಗದ ಹೆಚ್ಚುವರಿ ಪ್ರತಿಗಳು ಸಿಗುತ್ತವೆ. ಮೂರು ಬೆರಳು ಒಟ್ಟಿಗೆ ನಿಲ್ಲಿಸಿದರೆ ಬಾಯೊಳಗೆ ಹೋಗುತ್ತಿಲ್ಲವೇ? ಹುಣ್ಣೋ ಮಚ್ಚೆಯೋ ಎರಡು ವಾರವಾದರೂ ಮಾಯುತ್ತಿಲ್ಲವೇ? ಜಗಿಯುವುದನ್ನು ಅಂದೇ ಬಿಟ್ಟು ವೈದ್ಯರಿಗೆ ತೋರಿಸಿ.