ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಮೀನುಗಾರಿಕೆಯ ಮಾರ್ಗದರ್ಶಿ ಪ್ರವಾಸಗಳು

ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಮೀನುಗಾರಿಕೆಯ ಮಾರ್ಗದರ್ಶಿ ಪ್ರವಾಸಗಳು ಎಂದರೆ ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ನದಿಗಳಲ್ಲಿ, ಪರವಾನಗಿ ಪಡೆದ ಮಾರ್ಗದರ್ಶಕರ ನೆರವಿನಿಂದ ಗಾಳ ಹಾಕಿ ಮೀನು ಹಿಡಿಯಲು ಹವ್ಯಾಸಿಗಳು ಕೈಗೊಳ್ಳುವ ಪ್ರವಾಸಗಳು. ಅಮೆರಿಕ ಸಂಯುಕ್ತ ಸಂಸ್ಥಾನದ ಆರೆಗಾನ್, ವಾಷಿಂಗ್ಟನ್, ಇಡಾಹೊ, ಉತ್ತರ ಕ್ಯಾಲಿಫೋರ್ನಿಯ ಮತ್ತು ಅಲಾಸ್ಕ ಹಾಗೂ ಕೆನಡಾದ ಬ್ರಿಟಿಷ್ ಕೊಲಂಬಿಯ ಈ ಪ್ರವಾಸಗಳ ಮುಖ್ಯ ಕೇಂದ್ರಗಳು. ಮಹಾ ಸರೋವರಗಳ ಪ್ರದೇಶದಲ್ಲಿಯೂ ಇಂತಹ ಪ್ರವಾಸಗಳು ನಡೆಯುತ್ತವೆ. ಆದರೆ ಅಲ್ಲಿನ ಪೆಸಿಫಿಕ್ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಮೀನುಗಳು ಹೊರಗಿನಿಂದ ತಂದು ಬಿಟ್ಟವು.

ಈ ವೃತ್ತಿಯ ವರ್ಷವನ್ನು ನಿರ್ಧರಿಸುವುದು ಪಂಚಾಂಗವಲ್ಲ, ಮೀನುಗಳ ಮರಳುವಿಕೆ. ಸಮುದ್ರದಲ್ಲಿ ಬೆಳೆದ ಮೀನುಗಳು ಮೊಟ್ಟೆಯಿಡಲು ತಾವು ಹುಟ್ಟಿದ ನದಿಗೆ ಹಿಂದಿರುಗುವಾಗ ಮಾತ್ರ ಒಳನಾಡಿನ ಗಾಳಗಾರನಿಗೆ ಅವು ಸಿಗುತ್ತವೆ. ಹೀಗೆ ಗುಂಪಾಗಿ ನದಿಯನ್ನೇರುವುದಕ್ಕೆ 'ರನ್' ಎಂಬ ಹೆಸರಿದೆ. ರನ್ ಸಮೃದ್ಧವಾಗಿದ್ದರೆ ಮಾರ್ಗದರ್ಶಕರಿಗೆ ಕೆಲಸವಿರುತ್ತದೆ. ಅದು ಕ್ಷೀಣಿಸಿದರೆ ನದಿಯನ್ನು ಮೀನುಗಾರಿಕೆಗೆ ಮುಚ್ಚಲಾಗುತ್ತದೆ. ಆದುದರಿಂದ ಈ ಪ್ರವಾಸಗಳ ಕಥೆಯನ್ನು ನದಿಗಳ ಆರೋಗ್ಯದ ಕಥೆಯಿಂದ ಬೇರ್ಪಡಿಸಲಾಗದು.

ಮೀನುಗಳು ಮತ್ತು ಅವುಗಳ ಜೀವನಚಕ್ರ

ಪೆಸಿಫಿಕ್ ಸಾಲ್ಮನ್‌ಗಳು ಆಂಕೊರಿಂಕಸ್ ಎಂಬ ಕುಲಕ್ಕೆ ಸೇರಿವೆ. ಉತ್ತರ ಅಮೆರಿಕದ ಕರಾವಳಿಯಲ್ಲಿ ಚಿನೂಕ್, ಕೋಹೊ, ಸಾಕೈ, ಪಿಂಕ್ ಮತ್ತು ಚಮ್ ಎಂಬ ಐದು ಪ್ರಭೇದಗಳಿವೆ. ಇವುಗಳಲ್ಲಿ ಚಿನೂಕ್ ಅತಿ ದೊಡ್ಡದು. ಇದನ್ನು 'ಕಿಂಗ್', ಅಂದರೆ ರಾಜ ಸಾಲ್ಮನ್ ಎಂದೂ ಕರೆಯುತ್ತಾರೆ. 1985ರಲ್ಲಿ ಅಲಾಸ್ಕದ ಕೀನೈ ನದಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಚಿನೂಕ್ ಸುಮಾರು 44 ಕಿಲೋಗ್ರಾಂ ತೂಗಿತ್ತು. ಸ್ಟೀಲ್‌ಹೆಡ್ ಪ್ರತ್ಯೇಕ ಪ್ರಭೇದವಲ್ಲ. ಆಂಕೊರಿಂಕಸ್ ಮೈಕಿಸ್ ಎಂಬ ಪ್ರಭೇದದಲ್ಲಿ ನದಿಯಲ್ಲಿಯೇ ಬಾಳುವ ಮೀನನ್ನು ರೇನ್‌ಬೋ ಟ್ರೌಟ್ ಎಂದೂ, ಸಮುದ್ರಕ್ಕೆ ಹೋಗಿ ಬರುವ ಮೀನನ್ನು ಸ್ಟೀಲ್‌ಹೆಡ್ ಎಂದೂ ಕರೆಯುತ್ತಾರೆ.

ನದಿಯ ತಳದ ಜಲ್ಲಿಕಲ್ಲುಗಳ ನಡುವೆ ಹೆಣ್ಣುಮೀನು ಬಾಲದಿಂದ ಕುಳಿ ತೋಡಿ ಮೊಟ್ಟೆಯಿಡುತ್ತದೆ. ಮರಿಗಳು ಪ್ರಭೇದಕ್ಕನುಗುಣವಾಗಿ ಕೆಲವು ವಾರಗಳಿಂದ ಕೆಲವು ವರ್ಷಗಳವರೆಗೆ ಸಿಹಿನೀರಿನಲ್ಲಿದ್ದು, ಬಳಿಕ ಉಪ್ಪುನೀರಿಗೆ ದೇಹವನ್ನು ಒಗ್ಗಿಸಿಕೊಂಡು ಸಮುದ್ರ ಸೇರುತ್ತವೆ. ಅಲ್ಲಿ ಒಂದರಿಂದ ಕೆಲವು ವರ್ಷಗಳ ಕಾಲ ಬೆಳೆದು ಹಿಂದಿರುಗುತ್ತವೆ. ತವರು ನದಿಯ ನೀರಿನ ವಾಸನೆಯನ್ನು ಮರಿಯಾಗಿದ್ದಾಗಲೇ ನೆನಪಿನಲ್ಲಿಟ್ಟುಕೊಂಡಿರುವುದರಿಂದ ಅವು ತಮ್ಮ ಉಪನದಿಯನ್ನು ಗುರುತಿಸಬಲ್ಲವು. ನದಿಯನ್ನು ಪ್ರವೇಶಿಸಿದ ಸಾಲ್ಮನ್ ಬಹುಮಟ್ಟಿಗೆ ಆಹಾರ ಸೇವನೆಯನ್ನು ನಿಲ್ಲಿಸುತ್ತದೆ. ದೇಹದಲ್ಲಿ ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ಮೊಟ್ಟೆಯಿಟ್ಟ ಬಳಿಕ ಐದು ಪ್ರಭೇದಗಳ ಸಾಲ್ಮನ್‌ಗಳೂ ಸಾಯುತ್ತವೆ. ಅವುಗಳ ಕಳೇಬರಗಳು ಕರಡಿ, ಹದ್ದು, ಜಲಕೀಟಗಳಿಗೆ ಆಹಾರವಾಗಿ, ಸಮುದ್ರದ ಸತ್ವವನ್ನು ದಡದ ಕಾಡಿಗೂ ಮುಟ್ಟಿಸುತ್ತವೆ. ಸ್ಟೀಲ್‌ಹೆಡ್‌ಗಳಲ್ಲಿ ಮಾತ್ರ ಕೆಲವು ಬದುಕುಳಿದು, ಸಮುದ್ರಕ್ಕೆ ಹಿಂದಿರುಗಿ, ಮತ್ತೊಮ್ಮೆ ಮೊಟ್ಟೆಯಿಡಲು ಬರುತ್ತವೆ.

ಋತುಮಾನಗಳು

ಒಂದೇ ಪ್ರಭೇದದ ಮೀನುಗಳೂ ಬೇರೆ ಬೇರೆ ತಿಂಗಳುಗಳಲ್ಲಿ ನದಿಯನ್ನೇರುತ್ತವೆ. ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಗಡಿಯಲ್ಲಿ ಹರಿಯುವ ಕೊಲಂಬಿಯ ನದಿ ಹಾಗೂ ಸುತ್ತಲಿನ ನದಿಗಳ ವಾರ್ಷಿಕ ಕ್ರಮ ಸ್ಥೂಲವಾಗಿ ಹೀಗಿದೆ.

ವಸಂತ: ಮಾರ್ಚ್‌ನಿಂದ ಜೂನ್ ಮಧ್ಯದವರೆಗೆ ವಸಂತದ ಚಿನೂಕ್ ಬರುತ್ತದೆ. ಇದು ಮೊಟ್ಟೆಯಿಡುವುದಕ್ಕೆ ತಿಂಗಳುಗಳ ಮೊದಲೇ ನದಿಗೆ ಬರುವುದರಿಂದ ಮೈಯಲ್ಲಿ ಹೇರಳ ಕೊಬ್ಬಿರುತ್ತದೆ. ಊಟಕ್ಕೆ ಇದನ್ನು ಅತಿ ಶ್ರೇಷ್ಠವೆಂದು ಪರಿಗಣಿಸುತ್ತಾರೆ.

ಬೇಸಿಗೆ: ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಬೇಸಿಗೆಯ ಚಿನೂಕ್ ಮತ್ತು ಸಾಕೈ ಮೇಲೇರುತ್ತವೆ. ಬೇಸಿಗೆಯ ಸ್ಟೀಲ್‌ಹೆಡ್ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನದಿಯನ್ನು ಪ್ರವೇಶಿಸಿ, ತಂಪಾದ ಆಳದ ಮಡುಗಳಲ್ಲಿ ತಂಗಿದ್ದು, ಸಾಮಾನ್ಯವಾಗಿ ಮುಂದಿನ ವರ್ಷ ಮೊಟ್ಟೆಯಿಡುತ್ತದೆ. ಆರೆಗಾನ್‌ನ ಡೆಶೂಟ್ಸ್ ಮತ್ತು ನಾರ್ತ್ ಅಂಪ್ಕ್ವಾ ನದಿಗಳು ಇದಕ್ಕೆ ಪ್ರಸಿದ್ಧವಾಗಿವೆ. ಎರಡೇ ವರ್ಷ ಬಾಳುವ ಪಿಂಕ್ ಸಾಲ್ಮನ್ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಪ್ರದೇಶಕ್ಕೆ ಮುಖ್ಯವಾಗಿ ಬೆಸಸಂಖ್ಯೆಯ ವರ್ಷಗಳಲ್ಲಿ ಮಾತ್ರ ಬರುತ್ತದೆ.

ಶರತ್ಕಾಲ: ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಶರತ್ಕಾಲದ ಚಿನೂಕ್, ಆಗಸ್ಟ್‌ನಿಂದ ನವೆಂಬರ್‌ವರೆಗೆ ಕೋಹೊ ಬರುತ್ತವೆ. ಆಗಸ್ಟ್ ತಿಂಗಳಲ್ಲಿ ಆಸ್ಟೋರಿಯ ಪಟ್ಟಣದ ಬಳಿ, ಕೊಲಂಬಿಯ ನದಿಯ ಅಳಿವೆಯಲ್ಲಿ ನೂರಾರು ದೋಣಿಗಳು ಸೇರುತ್ತವೆ. ಅಲ್ಲಿನ ತೇಲುಗುರುತಿನ ಹೆಸರಿನಿಂದ ಈ ಮೀನುಗಾರಿಕೆಗೆ 'ಬಾಯ್ ಟೆನ್' ಎಂಬ ಹೆಸರು ಬಂದಿದೆ. ಮಾರ್ಗದರ್ಶಕರಿಗೆ ಇದು ವರ್ಷದ ಅತಿ ಬಿಡುವಿಲ್ಲದ ಕಾಲ.

ಚಳಿಗಾಲ: ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಳಿಗಾಲದ ಸ್ಟೀಲ್‌ಹೆಡ್‌ನ ಸರದಿ. ಇದು ಮೊಟ್ಟೆಯಿಡಲು ಬಹುತೇಕ ಸಿದ್ಧವಾಗಿಯೇ ಸಮುದ್ರದಿಂದ ಬರುತ್ತದೆ. ವಾಷಿಂಗ್ಟನ್‌ನ ಒಲಿಂಪಿಕ್ ಪರ್ಯಾಯದ್ವೀಪದ ಹೋ, ಸೋಲ್‌ಡಕ್, ಬೋಗಶೀಲ್ ನದಿಗಳು ಇದರ ನೆಲೆ. ಮಳೆ, ಚಳಿ ಮತ್ತು ವಿರಳವಾದ ಮೀನು ಸೇರಿ ಇದನ್ನು ತಾಳ್ಮೆಯ ಪರೀಕ್ಷೆಯಾಗಿಸಿವೆ. ಸ್ಟೀಲ್‌ಹೆಡ್ಡನ್ನು 'ಸಾವಿರ ಬಾರಿ ಗಾಳ ಎಸೆದರೆ ಸಿಗುವ ಮೀನು' ಎಂದು ಅಲ್ಲಿನವರು ಹೇಳುವುದುಂಟು.

ಇನ್ನೂ ಉತ್ತರಕ್ಕೆ ಹೋದಂತೆ ಈ ಕ್ರಮ ಬದಲಾಗುತ್ತದೆ. ಅಲಾಸ್ಕದಲ್ಲಿ ಸಾಲ್ಮನ್ ಕಾಲ ಬಹುತೇಕ ಬೇಸಿಗೆಯ ಕೆಲವೇ ತಿಂಗಳುಗಳಿಗೆ ಸೀಮಿತ. ಬ್ರಿಟಿಷ್ ಕೊಲಂಬಿಯದ ಸ್ಕೀನಾ ನದಿಯ ಉಪನದಿಗಳಲ್ಲಿ ಸ್ಟೀಲ್‌ಹೆಡ್ ಪ್ರವಾಸಗಳು ಶರತ್ಕಾಲದಲ್ಲಿ ನಡೆಯುತ್ತವೆ.

ಮಾರ್ಗದರ್ಶಕರ ಕೆಲಸ

ಮಾರ್ಗದರ್ಶಕರು ದೋಣಿ, ಗಾಳದ ಕೋಲು, ಎರೆ ಮುಂತಾದ ಸಲಕರಣೆಗಳನ್ನು ಒದಗಿಸುತ್ತಾರೆ. ಮೀನುಗಾರಿಕೆಯ ವೈಯಕ್ತಿಕ ಪರವಾನಗಿಯನ್ನು ಪ್ರವಾಸಿಗರೇ ಪಡೆದಿರಬೇಕು. ಆದರೆ ಮಾರ್ಗದರ್ಶಕರ ನಿಜವಾದ ಬಂಡವಾಳ ನದಿಯ ಜ್ಞಾನ. ಮಳೆ ಬಂದು ನೀರು ಕೆಂಪಾದರೆ ಮೀನಿಗೆ ಎರೆ ಕಾಣುವುದಿಲ್ಲ. ನೀರು ತೀರ ತಿಳಿಯಾದರೆ ಮೀನು ಬೆದರುತ್ತದೆ. ಪ್ರವಾಹವಿಳಿದು ನೀರು ಹಸಿರು ಛಾಯೆಗೆ ತಿರುಗುವ ಒಂದೆರಡು ದಿನಗಳೇ ಚಳಿಗಾಲದ ಸ್ಟೀಲ್‌ಹೆಡ್‌ಗೆ ಪ್ರಶಸ್ತ. ಆದುದರಿಂದ ಮಾರ್ಗದರ್ಶಕರು ಸರಕಾರಿ ಜಲಮಾಪಕಗಳು ಪ್ರಕಟಿಸುವ ನೀರಿನ ಮಟ್ಟ, ಅಣೆಕಟ್ಟುಗಳಲ್ಲಿ ಪ್ರತಿದಿನ ಎಣಿಸುವ ಮೀನುಗಳ ಸಂಖ್ಯೆ ಮತ್ತು ಹವಾಮಾನ ಮುನ್ಸೂಚನೆಯನ್ನು ಗಮನಿಸಿ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುತ್ತಾರೆ.

ಪ್ರವಾಸ ಸಾಮಾನ್ಯವಾಗಿ ನಸುಕಿನಲ್ಲಿಯೇ ಆರಂಭವಾಗುತ್ತದೆ. ದೋಣಿಯನ್ನು ಮೇಲ್ಭಾಗದ ಒಂದು ಕಡವಿನಲ್ಲಿ ನೀರಿಗಿಳಿಸಿ, ಹಲವು ಕಿಲೋಮೀಟರ್ ಕೆಳಗಿನ ಇನ್ನೊಂದು ಕಡವಿನಲ್ಲಿ ಮೇಲೆತ್ತುತ್ತಾರೆ. ಅಷ್ಟರಲ್ಲಿ ವಾಹನವನ್ನು ಬೇರೊಬ್ಬರು ಅಲ್ಲಿಗೆ ತಲುಪಿಸಿರುತ್ತಾರೆ.

ದೋಣಿ ಮತ್ತು ವಿಧಾನಗಳು

ಸಣ್ಣ ನದಿಗಳಲ್ಲಿ ಬಳಕೆಯಾಗುವ 'ಡ್ರಿಫ್ಟ್ ಬೋಟ್' ಆರೆಗಾನ್‌ನ ಮೆಕೆನ್ಜಿ ನದಿಯಲ್ಲಿ ರೂಪುಗೊಂಡಿತು. ಇದರ ತಳ ಚಪ್ಪಟೆ. ಎರಡೂ ತುದಿಗಳು ಮೇಲಕ್ಕೆ ಬಾಗಿರುತ್ತವೆ. ಮಾರ್ಗದರ್ಶಕರು ಹರಿವಿನ ದಿಕ್ಕಿಗೆ ಮುಖಮಾಡಿ ಕುಳಿತು, ಹರಿವಿಗೆ ವಿರುದ್ಧವಾಗಿ ಹುಟ್ಟು ಹಾಕುತ್ತಾರೆ. ಇದರಿಂದ ದೋಣಿ ನೀರಿಗಿಂತ ನಿಧಾನವಾಗಿ ಇಳಿಯುತ್ತದೆ ಮತ್ತು ಮುಂದಿರುವ ಬಂಡೆಗಳು ಮೊದಲೇ ಕಾಣುತ್ತವೆ. ಕೊಲಂಬಿಯದಂತಹ ದೊಡ್ಡ ನದಿಗಳಲ್ಲಿ ಯಂತ್ರದ ದೋಣಿಗಳನ್ನು ಬಳಸುತ್ತಾರೆ.

ಮೀನಿನ ಮೊಟ್ಟೆಯ ಎರೆಯನ್ನು ಬೆಂಡಿಗೆ ಕಟ್ಟಿ ತೇಲಿಬಿಡುವುದು, ದೋಣಿಯ ಹಿಂದೆ ಹೆರಿಂಗ್ ಮೀನಿನ ಎರೆಯನ್ನು ಎಳೆದೊಯ್ಯುವುದು, ಮಿನುಗುವ ಲೋಹದ ತಿರುಗುಬಿಲ್ಲೆಯನ್ನು ಎಸೆಯುವುದು, ಗರಿ ಮತ್ತು ನೂಲಿನಿಂದ ಮಾಡಿದ ಕೃತಕ ನೊಣವನ್ನು ಹರಿವಿಗೆ ಅಡ್ಡಲಾಗಿ ಬಿಡುವುದು ಮುಖ್ಯ ವಿಧಾನಗಳು. ಹಸಿವಿಲ್ಲದ ಸಾಲ್ಮನ್‌ಗಳೂ ಹಳೆಯ ಅಭ್ಯಾಸದಿಂದಲೋ ಕೆರಳಿಯೋ ಇವುಗಳನ್ನು ಕಚ್ಚುತ್ತವೆ. ನಾರ್ತ್ ಅಂಪ್ಕ್ವಾ ನದಿಯ ಸುಮಾರು 50 ಕಿಲೋಮೀಟರ್ ಉದ್ದದ ಭಾಗದಲ್ಲಿ ಕೃತಕ ನೊಣಕ್ಕೆ ಮಾತ್ರ ಅನುಮತಿಯಿದೆ.

ನಿಯಮಗಳು

ಬಹುತೇಕ ನದಿಗಳಲ್ಲಿ ಎರಡು ಬಗೆಯ ಮೀನುಗಳು ಜೊತೆಯಾಗಿ ಬರುತ್ತವೆ: ನದಿಯಲ್ಲಿಯೇ ಹುಟ್ಟಿದ ಕಾಡುಮೀನು ಮತ್ತು ಮರಿ ಉತ್ಪಾದನಾ ಕೇಂದ್ರಗಳಲ್ಲಿ ಹುಟ್ಟಿಸಿ ಬಿಟ್ಟ ಮೀನು. ಕೇಂದ್ರದ ಮೀನುಗಳಿಗೆ ಮರಿಯಾಗಿದ್ದಾಗಲೇ ಬೆನ್ನಿನ ಹಿಂಭಾಗದ ಚಿಕ್ಕ ಕೊಬ್ಬುರೆಕ್ಕೆಯನ್ನು ಕತ್ತರಿಸುತ್ತಾರೆ. ಹಲವು ನದಿಗಳಲ್ಲಿ ರೆಕ್ಕೆ ಕತ್ತರಿಸಿದ ಮೀನನ್ನು ಮಾತ್ರ ಮನೆಗೊಯ್ಯಬಹುದು. ರೆಕ್ಕೆಯಿರುವ ಮೀನನ್ನು ನದಿಗೆ ಬಿಡಬೇಕು. ಇಟ್ಟುಕೊಂಡ ಮೀನನ್ನು ಕೂಡಲೇ ಪರವಾನಗಿಯೊಂದಿಗಿನ ದಾಖಲೆಯಲ್ಲಿ ನಮೂದಿಸಬೇಕು.

ಮೀನನ್ನು ಬಿಡುವುದಕ್ಕೂ ಕ್ರಮವಿದೆ. ಮುಳ್ಳಿಲ್ಲದ ಕೊಕ್ಕೆ ಬಳಸುವುದು, ಕೈಯನ್ನು ಒದ್ದೆ ಮಾಡಿಕೊಂಡು ಹಿಡಿಯುವುದು, ಕಿವಿರುಗಳನ್ನು ಮುಟ್ಟದಿರುವುದು, ಮೀನು ಚೇತರಿಸಿಕೊಳ್ಳುವವರೆಗೆ ಹರಿವಿಗೆ ಎದುರಾಗಿ ಹಿಡಿದಿರುವುದು ಅದರ ಅಂಗಗಳು. ವಾಷಿಂಗ್ಟನ್ ರಾಜ್ಯದಲ್ಲಿ ಬಿಡಬೇಕಾದ ಕಾಡು ಸ್ಟೀಲ್‌ಹೆಡ್ಡನ್ನು ನೀರಿನಿಂದ ಪೂರ್ಣವಾಗಿ ಮೇಲೆತ್ತುವುದೇ ನಿಷಿದ್ಧ. ನೀರು ಬಿಸಿಯಾದಂತೆ ಅದರಲ್ಲಿನ ಆಮ್ಲಜನಕ ಕಡಿಮೆಯಾಗಿ, ಬಿಟ್ಟ ಮೀನೂ ಸಾಯುವ ಸಂಭವ ಹೆಚ್ಚುತ್ತದೆ. ಆದುದರಿಂದ ಆರೆಗಾನ್‌ನಲ್ಲಿ ಕಡುಬೇಸಿಗೆಯ ದಿನಗಳಲ್ಲಿ ಕೆಲವು ನದಿಗಳನ್ನು ಮಧ್ಯಾಹ್ನ 2 ಗಂಟೆಯ ಬಳಿಕ ಮುಚ್ಚುವುದುಂಟು. 2020ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯವು ಕರಾವಳಿಯ ನದಿಗಳಲ್ಲಿ ತೇಲುವ ದೋಣಿಯಿಂದ ಗಾಳ ಹಾಕುವುದನ್ನೂ ಎರೆಯ ಬಳಕೆಯನ್ನೂ ನಿರ್ಬಂಧಿಸಿತು. ದೋಣಿಯನ್ನೇ ಅವಲಂಬಿಸಿದ ಮಾರ್ಗದರ್ಶಕರಿಗೆ ಇದು ಕಠಿಣವಾಗಿತ್ತು. ಆದರೆ ಕಾಡು ಸ್ಟೀಲ್‌ಹೆಡ್‌ಗಳ ಸಂಖ್ಯೆ ಕುಸಿದಿದ್ದುದೇ ಅದರ ಹಿನ್ನೆಲೆ.

ಮೂಲನಿವಾಸಿಗಳ ಹಕ್ಕು

ಹವ್ಯಾಸಿಗಳು ಬರುವುದಕ್ಕೆ ಸಾವಿರಾರು ವರ್ಷಗಳ ಮೊದಲಿನಿಂದಲೂ ಈ ನದಿಗಳ ಮೂಲನಿವಾಸಿಗಳಿಗೆ ಸಾಲ್ಮನ್ ಆಹಾರವೂ ಆರಾಧನೆಯ ವಸ್ತುವೂ ಆಗಿದೆ. ವರ್ಷದ ಮೊದಲ ಸಾಲ್ಮನ್ ಅನ್ನು ವಿಧಿಪೂರ್ವಕವಾಗಿ ಬರಮಾಡಿಕೊಳ್ಳುವ ಆಚರಣೆ ಇಂದಿಗೂ ಇದೆ. 1854 ಮತ್ತು 1855ರ ಒಪ್ಪಂದಗಳಲ್ಲಿ ಹಲವು ಬುಡಕಟ್ಟುಗಳು ಭೂಮಿಯನ್ನು ಬಿಟ್ಟುಕೊಟ್ಟರೂ ತಮ್ಮ ಸಾಂಪ್ರದಾಯಿಕ ಸ್ಥಳಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡವು. ಈ ಹಕ್ಕು ಬಹುಕಾಲ ಕಡೆಗಣಿಸಲ್ಪಟ್ಟಿತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ನೀಡಿದ ತೀರ್ಪು, ವಾಷಿಂಗ್ಟನ್ ರಾಜ್ಯದಲ್ಲಿ ಹಿಡಿಯಬಹುದಾದ ಮೀನಿನ ಅರ್ಧದಷ್ಟು ಪಾಲು ಒಪ್ಪಂದದ ಬುಡಕಟ್ಟುಗಳಿಗೆ ಸೇರಬೇಕೆಂದು ಘೋಷಿಸಿತು. ಇಂದು ರಾಜ್ಯ ಸರಕಾರ ಮತ್ತು ಬುಡಕಟ್ಟುಗಳು ಜೊತೆಯಾಗಿ ಮೀನುಗಾರಿಕೆಯ ಅವಧಿಯನ್ನು ನಿರ್ಧರಿಸುತ್ತವೆ.

ಅಣೆಕಟ್ಟುಗಳು ಮತ್ತು ಮೀನುಗಳ ಇಳಿಕೆ

19ನೆಯ ಶತಮಾನದ ಮಧ್ಯಭಾಗಕ್ಕೆ ಮೊದಲು ಕೊಲಂಬಿಯ ನದಿಗೆ ವರ್ಷಕ್ಕೆ ಒಂದು ಕೋಟಿಯಿಂದ 1.6 ಕೋಟಿ ಸಾಲ್ಮನ್ ಮತ್ತು ಸ್ಟೀಲ್‌ಹೆಡ್‌ಗಳು ಬರುತ್ತಿದ್ದವೆಂದು ಅಂದಾಜಿಸಲಾಗಿದೆ. ಮೊದಲು ಡಬ್ಬೀಕರಣ ಕಾರ್ಖಾನೆಗಳಿಗಾಗಿ ನಡೆದ ಮಿತಿಮೀರಿದ ಮೀನುಗಾರಿಕೆ, ಅನಂತರ ಮರಗಡಿತ, ಗಣಿಗಾರಿಕೆ ಮತ್ತು ಅಣೆಕಟ್ಟುಗಳು ಈ ಸಂಖ್ಯೆಯನ್ನು ತಗ್ಗಿಸಿದವು. 1938ರಲ್ಲಿ ಕಾರ್ಯಾರಂಭ ಮಾಡಿದ ಬಾನವಿಲ್ ಅಣೆಕಟ್ಟಿನಲ್ಲಿ ಮೀನುಗಳು ಮೆಟ್ಟಿಲುಮೆಟ್ಟಿಲಾಗಿ ಏರಲು ಮೀನೇಣಿಗಳಿದ್ದವು. 1942ರಲ್ಲಿ ಮುಗಿದ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಅದೂ ಇರಲಿಲ್ಲ. ಅದರ ಮೇಲಿನ ನದಿ ಸಾಲ್ಮನ್‌ಗಳ ಪಾಲಿಗೆ ಮುಚ್ಚಿಹೋಯಿತು. 1957ರ ಮಾರ್ಚ್ 10ರಂದು ಡ್ಯಾಲ್ಸ್ ಅಣೆಕಟ್ಟಿನ ಹಿನ್ನೀರಿನಲ್ಲಿ, ಮೂಲನಿವಾಸಿಗಳ ಪುರಾತನ ಮೀನುಗಾರಿಕೆಯ ತಾಣವಾದ ಸಿಲೈಲೋ ಜಲಪಾತ ಮುಳುಗಿತು.

ಇಡಾಹೊದ ರೆಡ್‌ಫಿಶ್ ಸರೋವರ ಸಮುದ್ರದಿಂದ ಸುಮಾರು 1,450 ಕಿಲೋಮೀಟರ್ ದೂರದಲ್ಲಿದೆ. ದಾರಿಯಲ್ಲಿ ಎಂಟು ಅಣೆಕಟ್ಟುಗಳಿವೆ. ಇಲ್ಲಿಗೆ ಬರುವ ಸ್ನೇಕ್ ನದಿಯ ಸಾಕೈಯನ್ನು 1991ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಮರುವರ್ಷ ಸರೋವರಕ್ಕೆ ಹಿಂದಿರುಗಿದ್ದು ಒಂದೇ ಒಂದು ಮೀನು. 2015ರ ಬೇಸಿಗೆಯಲ್ಲಿ ಕೊಲಂಬಿಯದ ನೀರು ವಿಪರೀತ ಬಿಸಿಯಾಗಿ ಸುಮಾರು 2.5 ಲಕ್ಷ ಸಾಕೈಗಳು ಸತ್ತವು.

ಅಣೆಕಟ್ಟುಗಳಿಂದಾದ ನಷ್ಟವನ್ನು ತುಂಬಲು ಮರಿ ಉತ್ಪಾದನಾ ಕೇಂದ್ರಗಳನ್ನು ವಿಸ್ತರಿಸಲಾಯಿತು. ಇಂದು ಮಾರ್ಗದರ್ಶಕರು ಹಿಡಿಸಿಕೊಡುವ, ಇಟ್ಟುಕೊಳ್ಳಬಹುದಾದ ಮೀನುಗಳಲ್ಲಿ ಬಹುಪಾಲು ಈ ಕೇಂದ್ರಗಳ ಕೊಡುಗೆ. ಆದರೆ ಇವು ಕಾಡುಮೀನುಗಳೊಂದಿಗೆ ಆಹಾರಕ್ಕಾಗಿ ಸ್ಪರ್ಧಿಸುತ್ತವೆ ಮತ್ತು ಬೆರೆತು ಅವುಗಳ ಸಹಜ ಶಕ್ತಿಯನ್ನು ಕುಂದಿಸುತ್ತವೆ ಎಂಬ ಆಕ್ಷೇಪವಿದೆ. ಕೇಂದ್ರಗಳನ್ನು ಮುಚ್ಚಿದರೆ ಮೀನುಗಾರಿಕೆಯೇ ನಿಲ್ಲುತ್ತದೆ ಎಂಬುದು ಎದುರುವಾದ.

ಪುನಶ್ಚೇತನ

ವಾಷಿಂಗ್ಟನ್‌ನ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011 ಮತ್ತು 2014ರ ನಡುವೆ ಕೆಡವಲಾಯಿತು. ಕ್ಯಾಲಿಫೋರ್ನಿಯ ಮತ್ತು ಆರೆಗಾನ್‌ಗಳ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳ ತೆರವು 2024ರಲ್ಲಿ ಮುಗಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಒಂದು ಶತಮಾನಕ್ಕೂ ಹೆಚ್ಚು ಕಾಲದ ಬಳಿಕ, ಅಣೆಕಟ್ಟುಗಳಿದ್ದ ಸ್ಥಳದ ಮೇಲ್ಭಾಗದಲ್ಲಿ ಚಿನೂಕ್ ಮೀನುಗಳು ಕಾಣಿಸಿಕೊಂಡವು. ದಾರಿ ತೆರೆದರೆ ಮೀನು ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಗಿದೆ.

ಕರ್ನಾಟಕದಲ್ಲಿ ಸಮಾನ ಅನುಭವ

ಕಾವೇರಿ ನದಿಯ ಭೀಮೇಶ್ವರಿ, ದೊಡ್ಡಮಾಕಳಿ ಮತ್ತು ಗಾಲಿಬೋರೆಗಳಲ್ಲಿಯೂ ಹಿಂದೆ ಮಹಶೀರ್ ಮೀನನ್ನು ಹಿಡಿದು ಬಿಡುವ ಗಾಳಗಾರಿಕೆಯ ಶಿಬಿರಗಳಿದ್ದವು. ನದಿಯನ್ನು ಬಲ್ಲ ಸ್ಥಳೀಯರು ಅಲ್ಲಿ ಮಾರ್ಗದರ್ಶಕರಾಗಿದ್ದರು. ಈ ತಾಣಗಳು ವನ್ಯಜೀವಿಧಾಮಕ್ಕೆ ಸೇರಿರುವುದರಿಂದ ಬಳಿಕ ಅಲ್ಲಿ ಗಾಳಗಾರಿಕೆಯನ್ನು ನಿಲ್ಲಿಸಲಾಯಿತು. ಕಾವೇರಿಯ ಗೂನುಬೆನ್ನಿನ ಮಹಶೀರ್ ಅನ್ನು ವಿಜ್ಞಾನಿಗಳು 2018ರಲ್ಲಿ ಟಾರ್ ರೆಮದೇವಿ ಪ್ರಭೇದವೆಂದು ಗುರುತಿಸಿದರು. ಅದು ಈಗ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹಿಡಿದು ಬಿಡುವ ಗಾಳಗಾರಿಕೆ ನದಿಯ ಕಾವಲಿಗೆ ನೆರವಾಗುವುದೋ ಮೀನಿಗೆ ಹಿಂಸೆಯಾಗುವುದೋ ಎಂಬ ಪ್ರಶ್ನೆ ಕೊಲಂಬಿಯದಂತೆ ಕಾವೇರಿಯಲ್ಲಿಯೂ ಚರ್ಚೆಗೆ ಬಂದಿದೆ.