ಸಬ್ರ್ ಎಂದರೆ ಮೌನವಲ್ಲ

ಒಂದು ದಿನ ಅಸರ್ ನಮಾಝಿನ ಬಳಿಕ ತಂಗಿಯ ಮನೆಗೆ ಹೋಗಿದ್ದೆ. ಕೊಳ್ಳೇಗಾಲದ ಇಕ್ಕಟ್ಟಾದ ಬೀದಿಯೊಂದರಲ್ಲಿ ಅವಳ ಮನೆ. ಬಾಗಿಲು ತೆರೆದೇ ಇತ್ತು. ಹಾಲು ಉಕ್ಕಿ ಸೀದ ವಾಸನೆ ಹೊರಗಿನವರೆಗೂ ಬರುತ್ತಿತ್ತು. ಅವಳು ಗೋಡೆಗೊರಗಿ ಕುಳಿತು ಅದನ್ನೇ ನೋಡುತ್ತಿದ್ದಳು. "ಎದ್ದು ಒಲೆ ಆರಿಸಬಾರದೇನಮ್ಮಾ?" ಎಂದೆ. "ಕಾಲು ಏಳಲಿಲ್ಲ ಭಾಯಿ, ಮನಸ್ಸೂ ಏಳಲಿಲ್ಲ" ಎಂದಳು.

ಆಗ ನಾನು ಅಣ್ಣನಂತೆ ಮಾತಾಡಲಿಲ್ಲ, ತರಗತಿಯಲ್ಲಿ ನಿಂತ ಮೇಷ್ಟರಂತೆ ಮಾತಾಡಿದೆ. "ಸಬ್ರ್ ಮಾಡು. ಈಮಾನ್ ಗಟ್ಟಿಯಾಗಿದ್ದರೆ ಮನಸ್ಸು ಕುಸಿಯುವುದಿಲ್ಲ" ಎಂದು ಉಪದೇಶಿಸಿದೆ. ಅವಳು ತಲೆಯಾಡಿಸಿದಳು. ಆಮೇಲೆ ತಿಂಗಳುಗಟ್ಟಲೆ ನನ್ನೊಡನೆ ತನ್ನ ಕಷ್ಟ ಹೇಳಿಕೊಳ್ಳಲೇ ಇಲ್ಲ. ಅದನ್ನು ನಾನು ಸಬ್ರ್ ಎಂದುಕೊಂಡು ಸಮಾಧಾನಪಟ್ಟೆ. ಎಷ್ಟು ದೊಡ್ಡ ತಪ್ಪು ಮಾಡಿದ್ದೆ ಎಂಬುದು ತಿಳಿದದ್ದು ತಡವಾಗಿ.

ಏನಿದು ಕಾಯಿಲೆ?

ಅವಳಿಗೆ ಇಪ್ಪತ್ತೇಳು ವರ್ಷವಾಗಿದ್ದಾಗ ಒಂದು ಕಣ್ಣು ಮಂಜಾಯಿತು. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಯಿತು. ವರ್ಷ ಕಳೆದ ಮೇಲೆ ಪಾದಗಳು ಜೋಮು ಹಿಡಿದವು. ಹತ್ತಿಯ ಮೇಲೆ ನಡೆದಂತಾಗುತ್ತದೆ ಎನ್ನುತ್ತಿದ್ದಳು. ಗಾಳಿ ಸೋಕಿದೆ ಎಂದರು ಕೆಲವರು. ಯಾರೋ ಮಾಟ ಮಾಡಿಸಿದ್ದಾರೆ ಎಂದರು ಮತ್ತೆ ಕೆಲವರು. ಹನೂರಿನ ಕಡೆಯ ನೆಂಟರು ತಾಯಿತ ತಂದು ಕಟ್ಟಿದರು. ಕೊನೆಗೆ ಮೈಸೂರಿನ ನರರೋಗ ತಜ್ಞರೊಬ್ಬರು ಎಂ.ಆರ್.ಐ. ಮಾಡಿಸಿ ಕಾಯಿಲೆಯ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್.

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೂ ಒಂದು ಹೊದಿಕೆ ಇದೆ. ರೋಗಗಳಿಂದ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯಲ್ಲಿ ಆ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ದೃಷ್ಟಿ, ನಡಿಗೆ, ಮೂತ್ರದ ಹಿಡಿತ ಎಲ್ಲವೂ ಏರುಪೇರಾಗಬಹುದು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ. ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಆದರೆ ಮತ್ತೆ ಮತ್ತೆ ಮರುಕಳಿಸುವುದನ್ನು ಕಡಿಮೆ ಮಾಡುವ ಔಷಧಿಗಳಿವೆ. ಬೇಗ ಆರಂಭಿಸಿದಷ್ಟೂ ಒಳ್ಳೆಯದು.

ಮನಸ್ಸು ಕುಗ್ಗುವುದೇಕೆ?

ಎಂ.ಎಸ್. ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುತ್ತಾರೆ ಎನ್ನುತ್ತಾರೆ ವೈದ್ಯರು. ನಾಳೆ ಕಾಲು ನಡೆಯುತ್ತದೋ ಇಲ್ಲವೋ ಎಂಬ ಭಯ, ಮನೆಯವರಿಗೆ ಭಾರವಾದೆನೆಂಬ ನೋವು ಒಂದು ಕಾರಣ. ಇನ್ನೊಂದು ಕಾರಣವನ್ನು ನಾವು ಯೋಚಿಸುವುದೇ ಇಲ್ಲ. ಕೈಕಾಲುಗಳನ್ನು ನಡೆಸುವ ಮೆದುಳೇ ಸಂತೋಷ, ದುಃಖಗಳನ್ನೂ ನಡೆಸುತ್ತದೆ. ಅಲ್ಲಿಯೇ ಗಾಯವಾದರೆ ಮನಸ್ಸೂ ನೋಯುತ್ತದೆ. ಮರುಕಳಿಸಿದಾಗ ಕೊಡುವ ಸ್ಟೀರಾಯ್ಡ್ ಔಷಧಿಯೂ ಕೆಲವರ ಮನಸ್ಥಿತಿಯನ್ನು ಏರುಪೇರು ಮಾಡುತ್ತದೆ. ಕಾಲು ಜೋಮು ಹಿಡಿದವಳಿಗೆ ನಿನ್ನ ಈಮಾನ್ ಸಾಲದು ಎಂದು ನಾವು ಹೇಳುವುದಿಲ್ಲ. ಹಾಗಿರುವಾಗ ಮನಸ್ಸು ಜೋಮು ಹಿಡಿದವಳಿಗೆ ಏಕೆ ಹೇಳಬೇಕು?

ಯಅ್‌ಕೂಬ್(ಅ)ರು ಮಗನ ಅಗಲಿಕೆಯಲ್ಲಿ ಅತ್ತು ಅತ್ತು ಕಣ್ಣು ಕಳೆದುಕೊಂಡರು. ಅಯ್ಯೂಬ್(ಅ)ರು ತಮ್ಮ ನೋವನ್ನು ಬಾಯಿಬಿಟ್ಟು ಅಲ್ಲಾಹನಲ್ಲಿ ತೋಡಿಕೊಂಡರು. ಅವರ ಸಬ್ರ್ ಪ್ರಶ್ನಾತೀತ. ಆದರೂ ಅವರು ಮೌನವಾಗಿ ಕೊರಗಲಿಲ್ಲ. ಕ್ರಿ.ಶ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ, ದೇಹ ಮತ್ತು ಮನಸ್ಸುಗಳ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ದುಃಖವನ್ನು ಎರಡಾಗಿ ವಿಂಗಡಿಸಿದ್ದಾರೆ: ಕಾರಣ ಗೊತ್ತಿರುವ ದುಃಖ ಮತ್ತು ಕಾರಣ ಗೊತ್ತಾಗದೆ ದೇಹದಿಂದಲೇ ಹುಟ್ಟುವ ದುಃಖ. ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂಬುದು ಅವರ ನಿಲುವು. ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರಿಗೆ ತಿಳಿದಿದ್ದ ವಿಷಯ ನನಗೆ ತಿಳಿದಿರಲಿಲ್ಲ.

ಯಳಂದೂರು ಕಲಿಸಿದ ಪಾಠ

ನಮ್ಮ ಪಕ್ಕದ ಯಳಂದೂರು ತಾಲೂಕಿನಲ್ಲಿ ಒಂದು ಕಾಲಕ್ಕೆ ಕುಷ್ಠರೋಗ ಬಹಳವಾಗಿತ್ತು. ಅದನ್ನು ಶಾಪವೆಂದು ಮುಚ್ಚಿಡುತ್ತಿದ್ದ ಕಾಲದಲ್ಲಿ, 1986ರಲ್ಲಿ, ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಅಲ್ಲಿ ಕೆಲಸ ಆರಂಭಿಸಿತು. ಅದೇ ತಾಲೂಕಿನಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಸುಮಾರು 65 ಸಾವಿರ ಜನರ ಸಮೀಕ್ಷೆ ನಡೆಸಿ ಮೂರ್ಛೆರೋಗಿಗಳನ್ನು ಹುಡುಕಿದರು. ದುಬಾರಿಯಲ್ಲದ ಸಾಮಾನ್ಯ ಮಾತ್ರೆಗಳಿಂದಲೇ ಹಳ್ಳಿಗಳಲ್ಲಿ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ದೆವ್ವ, ಗಾಳಿ ಎಂದು ಮೂಲೆಗೆ ಕೂರಿಸಿದ್ದವರು ಮಾತ್ರೆ ನುಂಗಿ ಕೆಲಸಕ್ಕೆ ಹೋಗುವಂತಾದರು. ಕಾಯಿಲೆಯನ್ನು ಮುಚ್ಚಿಡುವುದು ನಿಂತಾಗಲೇ ಚಿಕಿತ್ಸೆ ಶುರುವಾಗುತ್ತದೆ. ಖಿನ್ನತೆಯ ವಿಷಯವೂ ಹೀಗೆಯೇ.

ಮನೆಯವರು ಏನು ಮಾಡಬಹುದು?

ನಮ್ಮ ಮನೆಯಲ್ಲಿ ಬದಲಾವಣೆ ತಂದದ್ದು ವೈದ್ಯರ ಒಂದು ಪ್ರಶ್ನೆ. "ರಾತ್ರಿ ನಿದ್ದೆ ಬರುತ್ತಾ? ಬದುಕು ಸಾಕು ಅನ್ನಿಸಿದ್ದುಂಟಾ?" ಎಂದು ಕೇಳಿದರು. ತಂಗಿ ಮೊದಲ ಬಾರಿಗೆ ಜೋರಾಗಿ ಅತ್ತಳು. ಆ ಪ್ರಶ್ನೆಯನ್ನು ನಾವು ಯಾರೂ ಕೇಳಿರಲಿಲ್ಲ. ಕೇಳುವುದರಿಂದ ಅಂತಹ ಯೋಚನೆ ಹುಟ್ಟಿಕೊಳ್ಳುವುದಿಲ್ಲ, ಮನದೊಳಗಿರುವುದು ಹೊರಗೆ ಬರುತ್ತದೆ. ಖಿನ್ನತೆಗೆ ಮಾತ್ರೆ ಮತ್ತು ಆಪ್ತಸಮಾಲೋಚನೆ ಎರಡೂ ಶುರುವಾದವು. ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ನಡುವೆ ತಾವಾಗಿಯೇ ನಿಲ್ಲಿಸಬಾರದು.

ಬಿಸಿಲು ಮತ್ತು ಸೆಕೆಯಲ್ಲಿ ಎಂ.ಎಸ್. ಲಕ್ಷಣಗಳು ಹೆಚ್ಚುತ್ತವೆ. ಆದ್ದರಿಂದ ಅಡುಗೆ, ಬಟ್ಟೆ ಕೆಲಸ ತಂಪು ಹೊತ್ತಿನಲ್ಲಿರಲಿ, ಮಧ್ಯಾಹ್ನ ವಿಶ್ರಾಂತಿ ಇರಲಿ. ಈ ಆಯಾಸ ಸೋಮಾರಿತನವಲ್ಲ ಎಂಬುದನ್ನು ಅತ್ತೆ, ನಾದಿನಿಯರು ಅರಿಯಬೇಕು. ಕೈಲಾದಷ್ಟು ನಡಿಗೆ, ವ್ಯಾಯಾಮ ಮನಸ್ಸಿಗೂ ಒಳ್ಳೆಯದು. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ಮಾಡಬಹುದು. ಉಪವಾಸದಲ್ಲೂ ರೋಗಿಗೆ ರಿಯಾಯಿತಿ ಇದೆ. ಅಲ್ಲಾಹನೇ ಇಳಿಸಿದ ಭಾರವನ್ನು ನಾವು ಮತ್ತೆ ಅವರ ಮೇಲೆ ಹೊರಿಸಬಾರದು.

ಮಾತಾಡಲು ಯಾರೂ ಇಲ್ಲವೆನಿಸಿದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆ ಇದು. ಉಚಿತ, ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಎಂ.ಎಸ್. ಕೂಡ ಸೇರಿದೆ. ಹಾಗಾಗಿ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಬಹುದು. 1985ರಲ್ಲಿ ಸ್ಥಾಪನೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆ ಬೆಂಗಳೂರಿನಲ್ಲಿದೆ. ಇದೇ ಕಾಯಿಲೆಯ ಇನ್ನೊಬ್ಬರೊಡನೆ ಮಾತಾಡಿದಾಗ ಸಿಗುವ ಧೈರ್ಯವನ್ನು ನಾವು ಕೊಡಲಾರೆವು.

ತಂಗಿಯ ಕಾಯಿಲೆ ಹೋಗಿಲ್ಲ. ಕೋಲು ಹಿಡಿದು ನಡೆಯುತ್ತಾಳೆ. ಕೆಲವು ದಿನ ಮನಸ್ಸು ಮತ್ತೆ ಕುಗ್ಗುತ್ತದೆ. ಆದರೆ ಈಗ ಅವಳೇ ಫೋನ್ ಮಾಡಿ, "ಭಾಯಿ, ಇವತ್ತು ಚೆನ್ನಾಗಿಲ್ಲ" ಎನ್ನುತ್ತಾಳೆ. ನಾನು ಹೋಗಿ ಪಕ್ಕದಲ್ಲಿ ಕೂರುತ್ತೇನೆ. ದುಆ ಮಾಡುತ್ತೇನೆ, ಉಪದೇಶ ಮಾಡುವುದಿಲ್ಲ. ನಿಮ್ಮ ಮನೆಯಲ್ಲೂ ಬಹಳ ದಿನದಿಂದ ಮೌನವಾಗಿರುವ ರೋಗಿಯೊಬ್ಬರಿದ್ದರೆ, ಅದನ್ನು ಸಬ್ರ್ ಎಂದು ಹೊಗಳುವ ಮೊದಲು ಹತ್ತಿರ ಕುಳಿತು ಒಮ್ಮೆ ಕೇಳಿ ನೋಡಿ.